ಸುಮ್ಮನಿದ್ದರೂ ಗುಂಯ್‌ಗುಡುವ ಆಂಪ್: ಸದ್ದಿನ ಮೂಲ ಹುಡುಕುವ ಬಗೆ

ಎಲೆಕ್ಟ್ರಿಕ್ ಗಿಟಾರ್ ಕಲಿಯುತ್ತಿರುವವರಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ. “ಏನೂ ನುಡಿಸದೆ ಕೂತಿದ್ದರೂ ಆಂಪ್ ಗುಂಯ್ ಅನ್ನುತ್ತೆ. ತಂತಿ ಮೇಲೆ ಕೈ ಇಟ್ಟರೆ ಕಡಿಮೆಯಾಗುತ್ತೆ. ಗಿಟಾರ್ ಕೆಟ್ಟಿದೆಯಾ, ಆಂಪ್ ಕೆಟ್ಟಿದೆಯಾ?” ಅದರ ಬೆನ್ನಿಗೇ ಇನ್ನೊಂದು: “ಪಿಕಪ್ ಬದಲಿಸಿದರೆ ಸರಿಹೋಗುತ್ತಾ?” ಆಂಪ್ ಎಂದರೆ ಗಿಟಾರಿನ ಸಿಗ್ನಲನ್ನು ಹಿಗ್ಗಿಸಿ ಸ್ಪೀಕರ್‌ನಲ್ಲಿ ಕೇಳಿಸುವ ಪೆಟ್ಟಿಗೆ. ಪಿಕಪ್ ಎಂದರೆ ಗಿಟಾರ್ ತಂತಿಗಳ ಅಡಿಯಲ್ಲಿ ಕೂತು ಅವುಗಳ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ.

ಸದ್ಯಕ್ಕೆ ಏನನ್ನೂ ಬದಲಿಸಬೇಡಿ, ಏನನ್ನೂ ಕೊಳ್ಳಬೇಡಿ. ಈ ಸದ್ದಿಗೆ ಒಂದು ಜಾಗ ಇರುತ್ತದೆ. ಆಂಪ್, ಕೇಬಲ್, ಗಿಟಾರ್, ಪೆಡಲ್ (ಗಿಟಾರ್ ಮತ್ತು ಆಂಪ್ ನಡುವೆ ಸೇರಿಸಿ, ಕಾಲಲ್ಲಿ ಒತ್ತಿ ನಾದ ಬದಲಿಸುವ ಪೆಟ್ಟಿಗೆ), ಕೋಣೆಯ ದೀಪ, ಇವುಗಳಲ್ಲಿ ಎಲ್ಲೋ ಒಂದು ಕಡೆಯಿಂದ ಅದು ಒಳಗೆ ಬರುತ್ತಿದೆ. ಒಂದೊಂದನ್ನೇ ಬೇರೆ ಮಾಡಿ ಕೇಳುತ್ತ ಹೋದರೆ ಸುಮಾರು ಅರ್ಧ ಗಂಟೆಯಲ್ಲಿ ಆ ಜಾಗ ಸಿಗುತ್ತದೆ. ಎಷ್ಟೋ ಜನ ಒಳ್ಳೆಯ ಪಿಕಪ್ ಕಿತ್ತು ದುಬಾರಿ ಪಿಕಪ್ ಹಾಕಿಸಿ, ಅದೇ ಸದ್ದನ್ನು ಮತ್ತೆ ಕೇಳಿ ಬೇಸರಪಟ್ಟಿದ್ದಾರೆ. ಹಾಗಾಗದಿರಲಿ ಎಂದೇ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವಿನದ್ದನ್ನು ಹಾರಿಸಿದರೆ ಮುಂದಿನ ಪರೀಕ್ಷೆಯ ಫಲಿತಾಂಶ ನಂಬಲು ಬರುವುದಿಲ್ಲ.

ಬೇಕಾಗುವ ವಸ್ತುಗಳು

ಚೆನ್ನಾಗಿದೆ ಎಂದು ಗೊತ್ತಿರುವ ಇನ್ನೊಂದು ಗಿಟಾರ್ ಕೇಬಲ್ (ಗೆಳೆಯರಿಂದ ಒಂದು ಸಂಜೆಗೆ ತಂದರೂ ಸಾಕು), ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಸ್ಕ್ರೂಡ್ರೈವರ್‌ಗಳು, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ. ಗಿಟಾರ್ ಬಿಚ್ಚುವ ಹಂತ ಬಂದರೆ 40 ವಾಟ್‌ನ ಸೋಲ್ಡರಿಂಗ್ ಐರನ್ ಮತ್ತು ಒಳಗೆ ಫ್ಲಕ್ಸ್ ಇರುವ ಬೆಸುಗೆ ತಂತಿ ಬೇಕು. ಜೊತೆಗೆ ಒಂದು ಕಾಗದ, ಪೆನ್ನು. ಪ್ರತಿ ಹಂತದಲ್ಲೂ ಕೇಳಿಸಿದ್ದನ್ನು ಬರೆದಿಡಿ. ಕಿವಿಗೆ ನೆನಪು ಬಹಳ ಹೊತ್ತು ಉಳಿಯುವುದಿಲ್ಲ. ಹತ್ತು ನಿಮಿಷದ ಹಿಂದಿನ ಸದ್ದು ಈಗಿನದಕ್ಕಿಂತ ಜೋರಾಗಿತ್ತೋ ಮೆಲ್ಲಗಿತ್ತೋ ಎಂಬುದು ಕಲಸಿಹೋಗುತ್ತದೆ.

ಶುರು ಮಾಡುವ ಮುನ್ನ ಜೀವದ ಮಾತು

ಆಂಪ್‌ನ ಪವರ್ ಪ್ಲಗ್‌ನಲ್ಲಿ ಅರ್ಥ್ ಸಂಪರ್ಕ ಇದ್ದರೆ ಅದನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ. ಮೂರು ಪಿನ್ನಿನ ಪ್ಲಗ್‌ನ ಅರ್ಥ್ ಪಿನ್ ಕತ್ತರಿಸುವುದು, ಅದಕ್ಕೆ ಟೇಪ್ ಸುತ್ತುವುದು, ಎರಡು ಪಿನ್ನಿನ ಅಡಾಪ್ಟರ್ ಹಾಕುವುದು, ಇವುಗಳಿಂದ ಕೆಲವೊಮ್ಮೆ ಸದ್ದು ನಿಜಕ್ಕೂ ನಿಲ್ಲುತ್ತದೆ. ಅದಕ್ಕೇ ಈ ಸಲಹೆ ಇನ್ನೂ ಬಾಯಿಂದ ಬಾಯಿಗೆ ಓಡಾಡುತ್ತಿದೆ. ಆದರೆ ನಿಮ್ಮ ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪ್‌ನ ಲೋಹದ ಚಾಸಿಗೆ, ಅಂದರೆ ಒಳಗಿನ ಲೋಹದ ತಳಕ್ಕೆ, ನೇರವಾಗಿ ಸೇರಿಕೊಂಡಿವೆ. ಆಂಪ್‌ನೊಳಗೆ ಕರೆಂಟ್ ಇರುವ ಒಂದು ತಂತಿ ಕಳಚಿ ಚಾಸಿಗೆ ತಗುಲಿದರೆ, ಅರ್ಥ್ ಇದ್ದಾಗ ಫ್ಯೂಸ್ ಹಾರುತ್ತದೆ. ಅರ್ಥ್ ಇಲ್ಲದಿದ್ದಾಗ ಆ ವಿದ್ಯುತ್ತು ನಿಮ್ಮ ಬೆರಳುಗಳಲ್ಲಿ ನಿಂತಿರುತ್ತದೆ. ಮೈಕ್ರೊಫೋನನ್ನೋ ಇನ್ನೊಂದು ಆಂಪನ್ನೋ ಮುಟ್ಟಿದ ಕ್ಷಣ ಎದೆಯ ಮೂಲಕ ಹಾದುಹೋಗುತ್ತದೆ. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆಯೇ ವಿದ್ಯುತ್ ತಗುಲಿ ತೀರಿಕೊಂಡರು. ಯಾರ್ಡ್‌ಬರ್ಡ್ಸ್ ತಂಡದ ಗಾಯಕ ಕೀತ್ ರೆಲ್ಫ್ 1976ರಲ್ಲಿ ತಮ್ಮ ಮನೆಯಲ್ಲಿ ಗಿಟಾರ್ ನುಡಿಸುತ್ತಿದ್ದಾಗ ಹೀಗೇ ಹೋದರು. ತಂತಿ ಮುಟ್ಟಿದಾಗ ಬೆರಳು ಜುಮ್ಮೆಂದರೆ, ತುಟಿಗೆ ಮೈಕ್ ತಗುಲಿದಾಗ ಚುರುಕ್ ಎಂದರೆ ಅಲ್ಲಿಗೇ ನಿಲ್ಲಿಸಿ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್‌ನ ಅರ್ಥಿಂಗ್ ನೋಡಿಸಿ.

ಇನ್ನೊಂದು ಮಾತು ವಾಲ್ವ್ ಆಂಪ್ ಇಟ್ಟುಕೊಂಡವರಿಗೆ. ವಾಲ್ವ್ ಎಂದರೆ ಒಳಗೆ ಕೆಂಪಗೆ ಉರಿಯುವ ಗಾಜಿನ ಕೊಳವೆ. ಟ್ಯೂಬ್ ಎಂದೂ ಕರೆಯುತ್ತಾರೆ. ಈ ಆಂಪ್‌ಗಳ ಒಳಗೆ 300ರಿಂದ 450 ವೋಲ್ಟ್‌ವರೆಗಿನ ಡಿಸಿ ಸಾಮಾನ್ಯ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಕೊಲ್ಲುವಷ್ಟು ವಿದ್ಯುತ್ತು ಉಳಿದಿರಬಹುದು. ಆಂಪ್ ಬಿಚ್ಚುವ ಕೆಲಸ ಈ ಲೇಖನದಲ್ಲಿ ಎಲ್ಲೂ ಬರುವುದಿಲ್ಲ, ನೀವೂ ಬಿಚ್ಚಬೇಡಿ.

1. ಸದ್ದನ್ನು ಗುರುತಿಸಿ

“ನಾಯ್ಸ್ ಬರುತ್ತಿದೆ” ಎಂದಷ್ಟೇ ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕಿವಿಗೊಟ್ಟು ಕೇಳಿದರೆ ನಾಲ್ಕು ಬಗೆಯ ಸದ್ದುಗಳಿವೆ.

ಗುಂಯ್: ತಗ್ಗಿನ, ದುಂಡಗಿನ, ಒಂದೇ ಸಮನೆ ಎಳೆದ ಸದ್ದು. ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರದಿಂದ ಅಥವಾ ಆಂಪ್‌ನ ಪವರ್ ಭಾಗದಿಂದ.

ಜರ್ರ್: ಅದೇ ಸದ್ದಿಗೆ ಹಲ್ಲು ಬಂದ ಹಾಗೆ, ಚೂಪಾಗಿ ಕೊರೆಯುವಂಥದ್ದು. ದೀಪ, ಡಿಮ್ಮರ್, ಚಾರ್ಜರ್‌ಗಳ ಕಡೆಯದು, ಇಲ್ಲವೇ ಗ್ರೌಂಡ್ ಸಂಪರ್ಕ (ಮೂರನೇ ಹಂತದಲ್ಲಿ ವಿವರಿಸಿದ್ದೇನೆ) ತಪ್ಪಿದ್ದು.

ಸುಯ್: ಗಾಳಿ ಬೀಸಿದಂತೆ. ಗೇನ್ ನಾಬ್ ಏರಿಸಿದಷ್ಟೂ ಏರುತ್ತದೆ. ಗೇನ್ ಎಂದರೆ ಗಿಟಾರಿನ ಸಣ್ಣ ಸಿಗ್ನಲನ್ನು ಮೊದಲ ಹಂತದಲ್ಲಿ ಎಷ್ಟು ಪಟ್ಟು ಹಿಗ್ಗಿಸಬೇಕು ಎಂಬ ಲೆಕ್ಕ. ಸುಯ್ ಸದ್ದು ಸ್ವಲ್ಪ ಇದ್ದೇ ಇರುತ್ತದೆ, ಅದು ರೋಗವಲ್ಲ.

ಕರಕರ, ಚಟಪಟ: ನಾಬ್ ತಿರುಗಿಸಿದಾಗ, ಕೇಬಲ್ ಅಲ್ಲಾಡಿದಾಗ ಬರುವಂಥದ್ದು. ಧೂಳು ಅಥವಾ ಸಡಿಲ ಸಂಪರ್ಕ.

ಗುಂಯ್ ಸದ್ದು ಮೇನ್ಸ್, ಅಂದರೆ ಗೋಡೆಯ ಸಾಕೆಟ್‌ಗೆ ಬರುವ, ವಿದ್ಯುತ್ತಿನದೇ ಎಂದು ಖಚಿತ ಮಾಡಿಕೊಳ್ಳಲು ಗಿಟಾರೇ ಸಾಕು. ಮೇನ್ಸ್ ವಿದ್ಯುತ್ತು 50 ಹರ್ಟ್ಸ್ ಇರುವ ಕಡೆ ನಮಗೆ ಹೆಚ್ಚಾಗಿ ಕೇಳಿಸುವುದು ಅದರ ದುಪ್ಪಟ್ಟು, ಅಂದರೆ 100 ಹರ್ಟ್ಸ್. ಸರಿಯಾಗಿ ಶ್ರುತಿ ಮಾಡಿದ ಗಿಟಾರಿನ ಅತಿ ದಪ್ಪ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ (ಫ್ರೆಟ್ ಎಂದರೆ ಗಿಟಾರಿನ ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿ) ಒತ್ತಿ ಮೀಟಿದರೆ ಬರುವ ಸ್ವರ 98 ಹರ್ಟ್ಸ್. ಎರಡೂ ಹತ್ತಿರ ಹತ್ತಿರ ಕೂಡಿ, ಅಲೆ ಅಲೆಯಾಗಿ ತೂಗಿದಂತೆ ಕೇಳಿದರೆ ಅದು ಮೇನ್ಸ್ ಗುಂಯ್. 60 ಹರ್ಟ್ಸ್ ಇರುವ ದೇಶಗಳಲ್ಲಿ ಅದೇ ತಂತಿಯ ಆರು ಮತ್ತು ಏಳನೇ ಫ್ರೆಟ್‌ಗಳ ನಡುವೆ ಎಲ್ಲೋ ಆ ಸ್ವರ ಬೀಳುತ್ತದೆ.

2. ಆಂಪ್ ಒಂದನ್ನೇ ಕೇಳಿ

ಇನ್‌ಪುಟ್‌ನಿಂದ ಕೇಬಲ್ ಕಿತ್ತುಬಿಡಿ. ಪೆಡಲ್, ಫೋನ್, ಕಂಪ್ಯೂಟರ್, ಏನೂ ಬೇಡ. ನೀವು ದಿನಾ ನುಡಿಸುವಾಗ ಇಡುವಷ್ಟೇ ವಾಲ್ಯೂಮ್, ಗೇನ್ ಇಟ್ಟು ಕೇಳಿ.

ಆಂಪ್ ಹೆಚ್ಚುಕಡಿಮೆ ಸುಮ್ಮನಾದರೆ ಒಳ್ಳೆಯ ಸುದ್ದಿ. ತೊಂದರೆ ಆಂಪ್‌ನ ಹೊರಗಿದೆ, ಮುಂದಿನ ಹಂತಕ್ಕೆ ಹೋಗಿ. ಗುಂಯ್ ಹಾಗೇ ಉಳಿದಿದ್ದರೆ ವಾಲ್ಯೂಮನ್ನು ಸೊನ್ನೆಗೆ ಇಳಿಸಿ. ಸದ್ದೂ ಇಳಿಯಿತೇ? ಹಾಗಿದ್ದರೆ ಅದು ವಾಲ್ಯೂಮ್ ನಾಬ್‌ಗಿಂತ ಮೊದಲಿನ ಹಂತಗಳಲ್ಲಿ ಹುಟ್ಟುತ್ತಿದೆ. ಸೊನ್ನೆಯಲ್ಲೂ ಅಷ್ಟೇ ಇದೆಯೇ? ಹಾಗಿದ್ದರೆ ಪವರ್ ಭಾಗದ್ದು. ಹಳೆಯ ವಾಲ್ವ್ ಆಂಪ್‌ಗಳಲ್ಲಿ ಫಿಲ್ಟರ್ ಕೆಪಾಸಿಟರ್‌ಗಳು, ಅಂದರೆ ಎಸಿಯನ್ನು ಡಿಸಿ ಮಾಡಿದ ಮೇಲೆ ಉಳಿಯುವ ಏರಿಳಿತವನ್ನು ಸಮ ಮಾಡುವ ಭಾಗಗಳು, ವಯಸ್ಸಾಗಿ ಸೊರಗಿದಾಗ ಹೀಗೇ ಆಗುತ್ತದೆ. ಎರಡೂ ಸಂದರ್ಭದಲ್ಲಿ ಆಂಪ್ ರಿಪೇರಿಯವರ ಬಳಿ ಹೋಗಬೇಕು. ಆದರೆ ಹೊರಡುವ ಮುನ್ನ ಅದನ್ನು ಬೇರೆ ಕೋಣೆಯ ಬೇರೆ ಸಾಕೆಟ್‌ಗೆ ಹಾಕಿ ಒಮ್ಮೆ ಕೇಳಿ.

ನಾಬ್ ತಿರುಗಿಸಿದಾಗ ಮಾತ್ರ ಕರಕರ ಎಂದರೆ ಒಳಗೆ ಧೂಳು ಕೂತಿದೆ. ಹೊರಗಿನಿಂದ ದಾರಿ ಇದ್ದರೆ, ಆಂಪ್ ಆಫ್ ಮಾಡಿ ಪ್ಲಗ್ ಕಿತ್ತು, ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿಯಷ್ಟು ಸಿಂಪಡಿಸಿ, ನಾಬನ್ನು ಆ ತುದಿಯಿಂದ ಈ ತುದಿಗೆ ಇಪ್ಪತ್ತು ಬಾರಿ ತಿರುಗಿಸಿ. ಅಡುಗೆಮನೆಯ ಎಣ್ಣೆ, ಬಾಗಿಲ ತಿರುಗಣಿಗೆ ಹೊಡೆಯುವ ಸ್ಪ್ರೇ ಬೇಡ. ಅವು ಅಂಟಾಗಿ ಉಳಿದು ಇನ್ನಷ್ಟು ಧೂಳು ಹಿಡಿಯುತ್ತವೆ.

ಇಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಆಂಪ್ ಪರೀಕ್ಷೆ ಎಂದು ಕೇಬಲ್‌ನ ಒಂದು ತುದಿ ಆಂಪ್‌ಗೆ ಹಾಕಿ, ಇನ್ನೊಂದು ತುದಿಯನ್ನು ನೆಲದ ಮೇಲೆ ಬಿಟ್ಟು, “ಗಿಟಾರ್ ಇಲ್ಲದೆಯೂ ಎಷ್ಟು ಜೋರು ನೋಡಿ” ಎನ್ನುತ್ತಾರೆ. ಹಾಗೆ ಬಿಟ್ಟ ಕೇಬಲ್ ಸದ್ದು ಮಾಡಲೇಬೇಕು. ಅದರ ತೆರೆದ ತುದಿ ಆಂಟೆನಾ ಆಗುತ್ತದೆ. ಬೆರಳು ತಾಗಿಸಿದರಂತೂ ಗದ್ದಲವೇ. ಅದನ್ನು ದೋಷ ಎಂದು ಬರೆದುಕೊಳ್ಳಬೇಡಿ.

3. ಕೇಬಲ್

ಗಿಟಾರ್ ಸೇರಿಸಿ, ನಿಮ್ಮ ಕೇಬಲ್‌ನಲ್ಲಿ ಒಮ್ಮೆ, ಎರವಲು ತಂದ ಕೇಬಲ್‌ನಲ್ಲಿ ಒಮ್ಮೆ ಕೇಳಿ. ಎರಡನೆಯದರಲ್ಲಿ ಸದ್ದು ಹೋದರೆ ಕೆಲಸ ಮುಗಿಯಿತು. ಎರಡೂ ತುದಿಗಳ ಪ್ಲಗ್ ಹತ್ತಿರ ಕೇಬಲನ್ನು ಮೆಲ್ಲಗೆ ಬಾಗಿಸಿಯೂ ನೋಡಿ. ಕಾಲಿಗೆ ಸಿಕ್ಕಿ ಎಳೆದಾಡುವ ಕಡೆ, ಪ್ಲಗ್‌ನಿಂದ ಎರಡು ಬೆರಳಷ್ಟು ದೂರದಲ್ಲಿ, ಒಳಗಿನ ಎಳೆಗಳು ತುಂಡಾಗಿರುವುದೇ ಹೆಚ್ಚು.

ಮಲ್ಟಿಮೀಟರ್ ಇದ್ದರೆ ಊಹೆ ಬೇಡ. ಕಂಟಿನ್ಯುಟಿಗೆ, ಅಂದರೆ ದಾರಿ ಕಡಿಯದೆ ಕೂಡಿದ್ದರೆ ಬೀಪ್ ಅನ್ನುವ ಸ್ಥಾನಕ್ಕೆ, ಇಡಿ. ಪ್ಲಗ್‌ನ ತುದಿಯಿಂದ ಆ ಕಡೆಯ ತುದಿಗೆ ಬೀಪ್ ಬರಬೇಕು, ಬುಡದಿಂದ ಬುಡಕ್ಕೆ ಬೀಪ್ ಬರಬೇಕು, ತುದಿಯಿಂದ ಬುಡಕ್ಕೆ ಬರಬಾರದು. ತುದಿಯಲ್ಲಿ ಸಿಗ್ನಲ್ ಹರಿಯುತ್ತದೆ, ಬುಡ ಗ್ರೌಂಡ್. ಗ್ರೌಂಡ್ ಎಂದರೆ ಗಿಟಾರಿನ ಲೋಹದ ಭಾಗಗಳನ್ನೆಲ್ಲ ಒಟ್ಟು ಸೇರಿಸಿ ಆಂಪ್‌ನ ಚಾಸಿಗೆ ಮುಟ್ಟಿಸುವ ದಾರಿ. ಈ ಪದ ಮುಂದೆ ಪದೇ ಪದೇ ಬರುತ್ತದೆ.

ಸ್ಪೀಕರ್ ಕೇಬಲ್ ಮತ್ತು ಗಿಟಾರ್ ಕೇಬಲ್ ಎರಡಕ್ಕೂ ಅದೇ 6.35 ಮಿಲಿಮೀಟರ್ ಪ್ಲಗ್ ಇರುವುದರಿಂದ ಅದಲುಬದಲಾಗುತ್ತವೆ. ಗಿಟಾರ್ ಕೇಬಲ್‌ನಲ್ಲಿ ಸಿಗ್ನಲ್ ತಂತಿಯ ಸುತ್ತ ಜಾಲರಿಯಂಥ ಲೋಹದ ಹೊದಿಕೆ ಇರುತ್ತದೆ, ಸ್ಪೀಕರ್ ಕೇಬಲ್‌ನಲ್ಲಿ ಅದಿಲ್ಲ. ಸ್ಪೀಕರ್ ಕೇಬಲನ್ನು ಗಿಟಾರಿಗೆ ಹಾಕಿದರೆ ಕೋಣೆಯ ಸದ್ದೆಲ್ಲ ಒಳಗೆ ಬರುತ್ತದೆ. ಗಿಟಾರ್ ಕೇಬಲನ್ನು ಸ್ಪೀಕರ್‌ಗೆ ಹಾಕಿದರೆ ಅದರ ಸಣ್ಣ ತಂತಿ ಬಿಸಿಯಾಗಿ ಸುಡಬಹುದು, ಆಂಪೂ ಕೆಡಬಹುದು. ಮೇಲಿನ ಅಕ್ಷರ ಓದಿ ಹಾಕಿ.

4. ಗಿಟಾರಿನ ವಾಲ್ಯೂಮ್ ಸೊನ್ನೆ

ಈಗ ಒಳ್ಳೆಯ ಕೇಬಲ್‌ನಲ್ಲಿ ಗಿಟಾರ್ ನೇರವಾಗಿ ಆಂಪ್‌ಗೆ. ಗಿಟಾರಿನ ವಾಲ್ಯೂಮ್ ಪೂರ್ತಿ ಇಳಿಸಿ. ಸಾಮಾನ್ಯ ವೈರಿಂಗ್‌ನಲ್ಲಿ ಈ ಸ್ಥಿತಿಯಲ್ಲಿ ಸಿಗ್ನಲ್ ತಂತಿ ನೇರವಾಗಿ ಗ್ರೌಂಡ್‌ಗೆ ಕೂಡಿರುತ್ತದೆ, ಆದ್ದರಿಂದ ಎರಡನೇ ಹಂತದಲ್ಲಿ ಕೇಳಿದಷ್ಟೇ ನಿಶ್ಶಬ್ದ ಬರಬೇಕು. ಬಂದರೆ, ಸದ್ದು ಪಿಕಪ್, ಸ್ವಿಚ್ ಮತ್ತು ಅವುಗಳ ತಂತಿಗಳ ಕಡೆಯಿಂದ ಬರುತ್ತಿದೆ. ಸೊನ್ನೆಯಲ್ಲೂ ಗದ್ದಲ ಇದ್ದರೆ ಪಿಕಪ್‌ಗಳನ್ನು ದೂರಬೇಡಿ. ತಪ್ಪು ಕೇಬಲ್ ಸಿಕ್ಕಿಸುವ ಜ್ಯಾಕ್‌ನಲ್ಲಿ ಅಥವಾ ಜ್ಯಾಕ್‌ಗೆ ಬರುವ ಗ್ರೌಂಡ್ ತಂತಿಯಲ್ಲಿದೆ. ನೇರ ಹತ್ತನೇ ಹಂತಕ್ಕೆ ಹೋಗಬಹುದು.

5. ತಂತಿ ಮುಟ್ಟುವ ಪರೀಕ್ಷೆ

ಎಲ್ಲರನ್ನೂ ಗಾಬರಿಗೊಳಿಸುವುದು ಇದೇ, ಅದಕ್ಕಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ದೇಹ ನೀರು, ಉಪ್ಪು ತುಂಬಿದ ದೊಡ್ಡ ವಾಹಕ. ಗೋಡೆಯೊಳಗಿನ ತಂತಿ, ತಲೆಯ ಮೇಲಿನ ದೀಪ, ಪಕ್ಕದ ಚಾರ್ಜರ್, ಇವೆಲ್ಲ ಸುತ್ತ ವಿದ್ಯುತ್‌ಕ್ಷೇತ್ರ ಹರಡಿರುತ್ತವೆ, ಅದನ್ನು ದೇಹ ಹಿಡಿದುಕೊಳ್ಳುತ್ತದೆ. ಗಿಟಾರನ್ನು ಮಡಿಲಲ್ಲಿ ಇಟ್ಟುಕೊಂಡಾಗ ಮೈಯಿಂದ ಅದು ಪಿಕಪ್‌ಗೆ, ಒಳಗಿನ ತಂತಿಗಳಿಗೆ ದಾಟುತ್ತದೆ. ಗಿಟಾರಿನ ತಂತಿಗಳು ಗ್ರೌಂಡ್‌ಗೆ ಸೇರಿರುವುದರಿಂದ, ನೀವು ಅವನ್ನು ಮುಟ್ಟಿದ ಕೂಡಲೇ ನಿಮ್ಮ ದೇಹವೂ ಗ್ರೌಂಡ್ ಆಗುತ್ತದೆ. ಆಗ ಸದ್ದನ್ನು ತರುತ್ತಿದ್ದ ಅದೇ ದೇಹ ಸದ್ದಿಗೆ ಅಡ್ಡ ನಿಲ್ಲುವ ಗೋಡೆಯಾಗುತ್ತದೆ. ಹೀಗಾಗಿ ಮುಟ್ಟಿದಾಗ ಜರ್ರ್ ಇಳಿಯುವುದು ಗಿಟಾರ್ ಸರಿಯಾಗಿದೆ ಎಂಬುದರ ಗುರುತು.

ವಾಲ್ಯೂಮ್ ಪೂರ್ತಿ ಏರಿಸಿ, ಕೈ ಬಿಟ್ಟು ಕೇಳಿ, ಆಮೇಲೆ ಬ್ರಿಜ್ ಮೇಲೆ ಅಂಗೈ ಇಡಿ. ಬ್ರಿಜ್ ಎಂದರೆ ತಂತಿಗಳು ಗಿಟಾರಿನ ಒಡಲಿಗೆ ಬಂದು ಕೂರುವ ಲೋಹದ ಭಾಗ.

ಸದ್ದು ಇಳಿದರೆ: ಸಹಜ. ಇನ್ನೂ ಕಡಿಮೆ ಬೇಕು ಎನಿಸಿದರೆ ಒಳಗೆ ತಾಮ್ರದ ಹೊದಿಕೆ ಹಾಕಬಹುದು, ಅದು ಕೊನೆಯಲ್ಲಿದೆ.

ಬ್ರಿಜ್ ಮುಟ್ಟಿದರೂ ಏನೂ ಬದಲಾಗದೆ, ಕೇಬಲ್ ಪ್ಲಗ್‌ನ ಲೋಹದ ಬುಡ ಮುಟ್ಟಿದಾಗ ಮಾತ್ರ ಇಳಿದರೆ: ಬ್ರಿಜ್‌ಗೆ ಹೋಗುವ ಗ್ರೌಂಡ್ ತಂತಿ ತಪ್ಪಿದೆ.

ಮುಟ್ಟಿದಾಗ ಸದ್ದು ಏರಿದರೆ: ಜ್ಯಾಕ್‌ನಲ್ಲಿ ಎರಡು ತಂತಿಗಳು ಅದಲುಬದಲಾಗಿವೆ, ಇಲ್ಲವೇ ಗ್ರೌಂಡ್ ಎಲ್ಲೋ ಕಡಿದಿದೆ. ಯಾರೋ ಜ್ಯಾಕ್ ಬದಲಿಸಿಕೊಟ್ಟ ಮೇಲೆ ಶುರುವಾದ ಸದ್ದು ಬಹುತೇಕ ಇದೇ.

ಖಚಿತ ಮಾಡಿಕೊಳ್ಳುವುದು ಸುಲಭ. ಕೇಬಲನ್ನು ಆಂಪ್‌ನಿಂದ ಕಿತ್ತು ಗಿಟಾರಿಗೆ ಮಾತ್ರ ಸಿಕ್ಕಿಸಿಡಿ. ಮಲ್ಟಿಮೀಟರನ್ನು ಓಮ್ಸ್‌ಗೆ ಇಟ್ಟು, ಒಂದು ಮೊನೆ ಬ್ರಿಜ್‌ಗೆ, ಇನ್ನೊಂದು ಕೇಬಲ್‌ನ ಆ ತುದಿಯ ಪ್ಲಗ್ ಬುಡಕ್ಕೆ. ಒಂದೆರಡು ಓಮ್ಸ್ ಒಳಗೆ ತೋರಿಸಬೇಕು. ಸಾವಿರಗಳಲ್ಲಿ ತೋರಿಸಿದರೆ ಅಥವಾ ಏನೂ ತೋರದಿದ್ದರೆ ದಾರಿ ಕಡಿದಿದೆ.

ಈ ಗ್ರೌಂಡ್ ತಂತಿ ಎಲ್ಲಿರುತ್ತದೆ ಎಂಬುದು ಗಿಟಾರಿನ ಮಾದರಿಯ ಮೇಲೆ. ಸ್ಟ್ರಾಟೊಕಾಸ್ಟರ್ ತರಹದ್ದಾದರೆ ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆಯಿರಿ. ಸ್ಪ್ರಿಂಗ್‌ಗಳನ್ನು ಹಿಡಿದ ಲೋಹದ ಪಂಜಕ್ಕೆ ಅದನ್ನು ಬೆಸೆದಿರುತ್ತಾರೆ. ಟೆಲಿಕಾಸ್ಟರ್ ತರಹದ್ದರಲ್ಲಿ ಬ್ರಿಜ್ ತಟ್ಟೆಯ ಅಡಿಗೆ ಹೋಗಿರುತ್ತದೆ. ಲೆಸ್ ಪಾಲ್ ತರಹದ್ದರಲ್ಲಿ ಬ್ರಿಜ್ ಕಡೆಯ ದಪ್ಪ ಬೋಲ್ಟ್ ಕೂರುವ ತೂತಿನೊಳಗೆ. ನಾನು ಬಿಚ್ಚಿ ನೋಡಿದ ಒಂದು ಗಿಟಾರಿನಲ್ಲಿ ಬ್ರಿಜ್ ಅಡಿ ಹೋಗಿದ್ದ ತಂತಿಯ ತುದಿ ಚಪ್ಪಟೆಯಾಗಿ, ಹಸಿರು ಕಿಲುಬು ಹಿಡಿದು, ಮರಕ್ಕೆ ಅಂಟಿಕೊಂಡಿತ್ತು. ಲೋಹಕ್ಕೆ ತಾಗುತ್ತಲೇ ಇರಲಿಲ್ಲ. ಕಿಲುಬು ಉಜ್ಜಿ ತೆಗೆದು, ಎಳೆಗಳನ್ನು ಬೀಸಣಿಗೆಯಂತೆ ಹರಡಿ, ಬ್ರಿಜ್ ಮತ್ತೆ ಬಿಗಿದದ್ದಷ್ಟೇ. ಮೀಟರ್ 0.4 ಓಮ್ಸ್ ತೋರಿಸಿತು, ಜರ್ರ್ ನಿಂತಿತು. ಅದರ ಒಡತಿ ಹೊಸ ಪಿಕಪ್‌ಗೆ ಹಣ ಕೂಡಿಡುತ್ತಿದ್ದರು.

ಒಂದು ಅಪವಾದ ಇದೆ. ಬ್ಯಾಟರಿ ಹಾಕುವ ಆಕ್ಟಿವ್ ಪಿಕಪ್‌ಗಳಲ್ಲಿ ಕೆಲವಕ್ಕೆ ಬ್ರಿಜ್ ಗ್ರೌಂಡ್ ತಂತಿಯನ್ನು ಬೇಕೆಂದೇ ಬಿಟ್ಟಿರುತ್ತಾರೆ. ನಿಮ್ಮದು ಅಂಥದ್ದಾದರೆ ಈ ಪರೀಕ್ಷೆ ಅನ್ವಯಿಸುವುದಿಲ್ಲ.

6. ಕುರ್ಚಿಯಲ್ಲಿ ತಿರುಗಿ ನೋಡಿ

ತಂತಿ ಹಿಡಿದುಕೊಂಡೇ, ವಾಲ್ಯೂಮ್ ಪೂರ್ತಿ ಇಟ್ಟು, ಕೂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ. ಒಂದು ದಿಕ್ಕಿನಲ್ಲಿ ಗುಂಯ್ ಉಬ್ಬಿ, ಇನ್ನೊಂದು ದಿಕ್ಕಿನಲ್ಲಿ ಅಡಗಿದರೆ ಅದು ಕಾಂತಕ್ಷೇತ್ರದ ಸದ್ದು. ಸಿಂಗಲ್ ಕಾಯಿಲ್ ಪಿಕಪ್ ಇರುವವರಿಗೆ ಇದು ಕಟ್ಟಿಟ್ಟದ್ದು.

ಸಿಂಗಲ್ ಕಾಯಿಲ್ ಎಂದರೆ ಅಯಸ್ಕಾಂತದ ಸುತ್ತ ಕೂದಲಿಗಿಂತ ದಪ್ಪವಿಲ್ಲದ ತಾಮ್ರದ ತಂತಿಯ ಏಳೆಂಟು ಸಾವಿರ ಸುತ್ತು. ಉಕ್ಕಿನ ತಂತಿ ಅದರ ಮೇಲೆ ಕಂಪಿಸಿದಾಗ ಸುರುಳಿಯಲ್ಲಿ ಸಿಗ್ನಲ್ ಹುಟ್ಟುತ್ತದೆ. ಆದರೆ ಆ ಸುರುಳಿಗೆ ಗಿಟಾರಿನ ತಂತಿ ಯಾವುದು, ಆಂಪ್‌ನ ಟ್ರಾನ್ಸ್‌ಫಾರ್ಮರ್ ಯಾವುದು ಎಂಬ ಭೇದವಿಲ್ಲ. ಬದಲಾಗುವ ಕಾಂತಕ್ಷೇತ್ರ ಎಲ್ಲಿಂದ ಬಂದರೂ ಹಿಡಿಯುತ್ತದೆ. ಇದಕ್ಕೆ ಗಿಬ್ಸನ್ ಕಂಪನಿಯ ಸೆತ್ ಲವರ್ ಕಂಡುಕೊಂಡ ಉಪಾಯವೇ ಹಂಬಕರ್. ಪೇಟೆಂಟ್‌ಗೆ ಅರ್ಜಿ ಹಾಕಿದ್ದು 1955ರಲ್ಲಿ, ಸಿಕ್ಕಿದ್ದು 1959ರಲ್ಲಿ. ಎರಡು ಸುರುಳಿ ಅಕ್ಕಪಕ್ಕ, ಒಂದಕ್ಕೊಂದು ವಿರುದ್ಧ ಜೋಡಣೆ, ಅಯಸ್ಕಾಂತದ ಧ್ರುವಗಳೂ ವಿರುದ್ಧ. ಹೊರಗಿನ ಗುಂಯ್ ಎರಡರಲ್ಲೂ ಎದುರುಬದುರಾಗಿ ಬಂದು ಅಳಿಸಿಹೋಗುತ್ತದೆ. ತಂತಿಯ ಸ್ವರದ ಮಟ್ಟಿಗೆ ಎರಡು ವಿರುದ್ಧಗಳು ಸೇರಿ ಸರಿಯಾಗುವುದರಿಂದ ಅದು ಕೂಡಿಕೊಳ್ಳುತ್ತದೆ.

ಮೂರು ಸಿಂಗಲ್ ಕಾಯಿಲ್ ಇರುವ ಇಂದಿನ ಬಹಳಷ್ಟು ಗಿಟಾರ್‌ಗಳಲ್ಲಿ ನಡುವಿನ ಪಿಕಪ್ ಹೀಗೆ ತಿರುಗುಮುರುಗಾಗಿರುತ್ತದೆ. ಐದು ಸ್ಥಾನದ ಸ್ವಿಚ್‌ನ ಎರಡನೇ ಮತ್ತು ನಾಲ್ಕನೇ ಸ್ಥಾನದಲ್ಲಿ ಎರಡೆರಡು ಪಿಕಪ್ ಕೂಡಿದಾಗ ಗುಂಯ್ ಅಡಗುವುದು ಅದಕ್ಕೇ. ಉಳಿದ ಮೂರರಲ್ಲಿ ಸದ್ದು, ಇವೆರಡರಲ್ಲಿ ಮೌನ ಎಂದರೆ ನಿಮ್ಮ ಗಿಟಾರ್ ಹೇಗಿರಬೇಕೋ ಹಾಗೇ ಇದೆ.

ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಈ ಗುಂಯ್‌ಗೆ ಮದ್ದು ಎಂದು ಗಿಟಾರಿನೊಳಗೆಲ್ಲ ತಾಮ್ರದ ಹಾಳೆ ಅಂಟಿಸಿ, ಸದ್ದು ಇದ್ದಲ್ಲೇ ಇದೆ ಎಂದು ದುಃಖಿಸುತ್ತಾರೆ. ತಾಮ್ರದ ಹೊದಿಕೆ ತಡೆಯುವುದು ಐದನೇ ಹಂತದ ಜರ್ರ್ ಸದ್ದನ್ನು, ಅಂದರೆ ವಿದ್ಯುತ್‌ಕ್ಷೇತ್ರವನ್ನು. 50 ಹರ್ಟ್ಸ್‌ನ ಕಾಂತಕ್ಷೇತ್ರ ಅಷ್ಟು ತೆಳ್ಳನೆಯ ತಾಮ್ರವನ್ನು ಲೆಕ್ಕಕ್ಕೇ ಇಡುವುದಿಲ್ಲ. ಕಾಂತಕ್ಷೇತ್ರದ ಗುಂಯ್‌ಗೆ ಉಪಾಯ ಬೇರೆ: ಆಂಪ್‌ನಿಂದ ಎರಡು ಮೀಟರ್ ದೂರ ಸರಿಯಿರಿ, ಮೌನ ಸಿಗುವ ದಿಕ್ಕಿಗೆ ಮುಖ ಮಾಡಿ ಕೂರಿ, ಗೇನ್ ಬೇಕಾದಷ್ಟೇ ಇಡಿ. ರೆಕಾರ್ಡಿಂಗ್ ಮಾಡುವಾಗ ನುರಿತವರೂ ಹೀಗೇ ತಿರುಗಿ ತಿರುಗಿ ಜಾಗ ಹುಡುಕಿಕೊಳ್ಳುತ್ತಾರೆ. ಅದೂ ಸಾಲದು ಎನಿಸಿದಾಗ ಮಾತ್ರ ಪಿಕಪ್ ಬದಲಿಸುವ ಮಾತು. ಸಿಂಗಲ್ ಕಾಯಿಲ್ ಅಳತೆಯಲ್ಲೇ ಎರಡು ಸುರುಳಿಯನ್ನು ಒಂದರ ಮೇಲೊಂದು ಇಟ್ಟು ಮಾಡಿದ ಪಿಕಪ್‌ಗಳಿವೆ. ಸಿಂಗಲ್ ಕಾಯಿಲ್‌ನ ಆ ತೆಳುವಾದ, ಗಾಜಿನಂಥ ನಾದ ಅವುಗಳಲ್ಲಿ ಪೂರ್ತಿ ಉಳಿಯುವುದಿಲ್ಲ ಎಂಬುದು ನನ್ನ ಕಿವಿಯ ಅನುಭವ. ನಾನು ಗುಂಯ್ ಜೊತೆಗೇ ಬದುಕಲು ಒಪ್ಪಿದ್ದೇನೆ.

7. ಕೋಣೆ

ಒಬ್ಬರು ಗಿಟಾರ್ ಹಿಡಿದು ಕೂರಲಿ, ಇನ್ನೊಬ್ಬರು ಮನೆಯ ಸ್ವಿಚ್‌ಗಳನ್ನು ಒಂದೊಂದಾಗಿ ಆಫ್ ಮಾಡುತ್ತ ಬರಲಿ. ದೀಪದ ಬೆಳಕು ಹೆಚ್ಚುಕಡಿಮೆ ಮಾಡುವ ಡಿಮ್ಮರ್, ಫ್ಯಾನ್ ರೆಗ್ಯುಲೇಟರ್, ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್, ಕಂಪ್ಯೂಟರ್ ಪರದೆ, ಇವು ಮುಖ್ಯ ಶಂಕಿತರು. ಸಿಕ್ಕಿತೆಂದರೆ ನುಡಿಸುವಾಗ ಅದನ್ನು ಆಫ್ ಮಾಡಿಡಿ. ಮೊಬೈಲ್ ಜೇಬಿನಲ್ಲಿದ್ದರೆ ಅದನ್ನೂ ದೂರ ಇಡಿ.

8. ಪೆಡಲ್‌ಗಳು

ಎಲ್ಲ ಪೆಡಲ್ ತೆಗೆದಾಗ ಮೌನ, ಸೇರಿಸಿದಾಗ ಸದ್ದು ಎಂದಾದರೆ ಒಂದೊಂದನ್ನೇ ಸೇರಿಸುತ್ತ ಬನ್ನಿ. ಸದ್ದು ತಂದ ಪೆಡಲ್ ಸಿಕ್ಕ ಮೇಲೆ, ಬ್ಯಾಟರಿ ಹಾಕಲು ಜಾಗವಿದ್ದರೆ 9 ವೋಲ್ಟ್ ಬ್ಯಾಟರಿಯಲ್ಲಿ ಅದನ್ನು ನಡೆಸಿ ಕೇಳಿ. ಬ್ಯಾಟರಿಯಲ್ಲಿ ಸುಮ್ಮನಾದರೆ ಪೆಡಲ್ ಸರಿ, ಅಡಾಪ್ಟರ್ ತಪ್ಪು. ಒಂದೇ ಅಡಾಪ್ಟರ್‌ನಿಂದ ಸರಪಳಿಯಂತೆ ಐದಾರು ಪೆಡಲ್‌ಗೆ ವಿದ್ಯುತ್ ಕೊಟ್ಟಾಗ, ಅದರಲ್ಲೂ ಡಿಜಿಟಲ್ ಪೆಡಲ್ ಒಂದು ಸೇರಿದಾಗ, ಸಣ್ಣಗೆ ಕೀರಲು ಸದ್ದು ಬರುತ್ತದೆ. ಪ್ರತಿ ಪೆಡಲ್‌ಗೂ ಪ್ರತ್ಯೇಕವಾಗಿ, ಒಂದಕ್ಕೊಂದು ಸಂಬಂಧವಿಲ್ಲದಂತೆ ವಿದ್ಯುತ್ ಕೊಡುವ ಐಸೊಲೇಟೆಡ್ ಪವರ್ ಸಪ್ಲೈ ಇದಕ್ಕೆ ಪರಿಹಾರ.

ಅಡಾಪ್ಟರ್ ಬದಲಿಸುವಾಗ ಜೋಪಾನ. ಗಿಟಾರ್ ಪೆಡಲ್‌ಗಳಲ್ಲಿ ಹೆಚ್ಚಿನವು 9 ವೋಲ್ಟ್ ಡಿಸಿ, ನಡುವಿನ ಪಿನ್ ನೆಗೆಟಿವ್. ಮನೆಯ ಇತರ ಉಪಕರಣಗಳ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ನಡುವಿನದು ಪಾಸಿಟಿವ್. ಪ್ಲಗ್ ಕೂತಿತು ಎಂದು ಹಾಕಿದರೆ ಪೆಡಲ್ ಸುಡಬಹುದು. ಹಿಂಬದಿಯ ಗುರುತು ನೋಡದೆ ಹಾಕಬೇಡಿ.

ನಾಯ್ಸ್ ಗೇಟ್ ಎಂಬ ಪೆಡಲ್ ಬಗ್ಗೆಯೂ ಕೇಳುತ್ತಾರೆ. ಸಿಗ್ನಲ್ ಒಂದು ಮಟ್ಟಕ್ಕಿಂತ ಕೆಳಗಿಳಿದಾಗ ಅದು ಬಾಗಿಲು ಮುಚ್ಚುತ್ತದೆ, ಅಷ್ಟೇ. ನೀವು ನುಡಿಸುವಾಗ ಬಾಗಿಲು ತೆರೆದಿರುತ್ತದೆ, ಗುಂಯ್ ಸ್ವರದ ಜೊತೆಗೇ ಹೊರಬರುತ್ತದೆ. ಮೆಲ್ಲಗೆ ಕರಗುವ ಸ್ವರದ ಬಾಲವನ್ನೂ ಅದು ಕತ್ತರಿಸಬಹುದು. ಮೂಲ ಹುಡುಕದೆ ಮೊದಲಿಗೇ ಇದನ್ನು ಕೊಳ್ಳಬೇಡಿ.

9. ಎರಡು ಉಪಕರಣ ಸೇರಿದಾಗ ಮಾತ್ರ ಸದ್ದು

ಆಂಪ್ ಒಂದೇ ಇದ್ದಾಗ ಮೌನ, ಕಂಪ್ಯೂಟರನ್ನೋ ಎರಡನೇ ಆಂಪನ್ನೋ ಸೇರಿಸಿದ ಕೂಡಲೇ ಗುಂಯ್ ಎಂದರೆ ಅದು ಗ್ರೌಂಡ್ ಲೂಪ್. ಎರಡೂ ಉಪಕರಣಗಳು ಗೋಡೆಯ ಅರ್ಥ್ ಮೂಲಕ ಒಮ್ಮೆ ಕೂಡಿವೆ, ಆಡಿಯೊ ಕೇಬಲ್‌ನ ಬುಡದ ಮೂಲಕ ಇನ್ನೊಮ್ಮೆ; ಹೀಗೆ ಒಂದು ಬಳೆ ಏರ್ಪಟ್ಟು ಅದರಲ್ಲಿ ಮೇನ್ಸ್ ಕರೆಂಟ್ ಸುತ್ತುತ್ತದೆ. ಮೊದಲು ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ ನೋಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಹೋಗದಿದ್ದರೆ ಬಳೆಯನ್ನು ಆಡಿಯೊ ಕೇಬಲ್ ಕಡೆ ಕಡಿಯಬೇಕು. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ, ಗ್ರೌಂಡ್ ಲಿಫ್ಟ್ ಸ್ವಿಚ್ (ಆಡಿಯೊ ಕೇಬಲ್‌ನ ಗ್ರೌಂಡ್ ಮಾತ್ರ ಕಡಿಯುವ ಸ್ವಿಚ್) ಇರುವ ಡಿಐ ಬಾಕ್ಸ್ (ಎರಡು ಉಪಕರಣಗಳ ನಡುವೆ ಸಿಗ್ನಲ್ ದಾಟಿಸುವ ಸಣ್ಣ ಪೆಟ್ಟಿಗೆ) ಅಥವಾ ಐಸೊಲೇಟರ್ ಆ ಕೆಲಸ ಮಾಡುತ್ತದೆ. ಪವರ್ ಪ್ಲಗ್‌ನ ಅರ್ಥ್ ಕಡೆ ಕೈ ಹಾಕಬೇಡಿ ಎಂದು ಮತ್ತೊಮ್ಮೆ ಹೇಳುತ್ತೇನೆ. ಜನ ಆ ತಪ್ಪು ಮಾಡುವುದು ಸರಿಯಾಗಿ ಈ ಹಂತದಲ್ಲೇ.

10. ಗಿಟಾರ್ ಬಿಚ್ಚುವುದು

ಕೇಬಲ್ ಕಿತ್ತಿಡಿ. ಕೇಬಲ್ ಕಿತ್ತ ಗಿಟಾರಿನೊಳಗೆ ಅಪಾಯಕಾರಿ ವಿದ್ಯುತ್ ಇಲ್ಲ. ಸ್ಕ್ರೂ ಬಿಚ್ಚಿದ ಮೇಲೆ ಯಾವುದನ್ನೂ ಮುಟ್ಟುವ ಮುನ್ನ ಎರಡು ಕೋನದಿಂದ ಫೋಟೊ ತೆಗೆಯಿರಿ.

ಮೊದಲು ಜ್ಯಾಕ್. ಹೊರಗಿನ ನಟ್ ಸಡಿಲವಾಗಿ, ಪ್ರತಿ ಬಾರಿ ಕೇಬಲ್ ಹಾಕಿದಾಗ ಇಡೀ ಜ್ಯಾಕ್ ತಿರುಗಿ, ಹಿಂದಿನ ತಂತಿಗಳು ಹುರಿಗಟ್ಟಿ ಕಡಿದಿರುವುದು ತೀರಾ ಸಾಮಾನ್ಯ. ನಟ್ ಬಿಗಿಯುವಾಗ ಜ್ಯಾಕನ್ನು ಒಳಗಿನಿಂದ ಬೆರಳಲ್ಲಿ ಹಿಡಿದುಕೊಳ್ಳಿ, ಇಲ್ಲವಾದರೆ ನೀವೇ ತಂತಿ ಹುರಿ ಮಾಡುತ್ತೀರಿ. ಪ್ಲಗ್ ತುದಿಯನ್ನು ಅದುಮಿ ಹಿಡಿಯುವ ಬಾಗಿದ ಪಟ್ಟಿ ಸೋತಿದ್ದರೆ ಮೆಲ್ಲಗೆ ಒಳಮುಖವಾಗಿ ಬಾಗಿಸಿ.

ಆಮೇಲೆ ಬೆಸುಗೆಗಳು. ಒಳ್ಳೆಯ ಬೆಸುಗೆ ಲೋಹಕ್ಕೆ ಹರಡಿ ಅಂಟಿಕೊಂಡಿರುತ್ತದೆ. ಕೆಟ್ಟದ್ದು ಮಂಕಾಗಿ, ಉಂಡೆಯಾಗಿ, ತಾವರೆ ಎಲೆಯ ಮೇಲಿನ ನೀರಿನಂತೆ ಕೂತಿರುತ್ತದೆ. ತಂತಿಯನ್ನು ಮೆಲ್ಲಗೆ ಅಲ್ಲಾಡಿಸಿದರೆ ಬುಡದಲ್ಲಿ ಕದಲುತ್ತದೆ. ಮತ್ತೆ ಬೆಸೆಯುವಾಗ ಕರಗಿದ ಬೆಸುಗೆಯನ್ನು ಒಯ್ದು ಮೆತ್ತಬೇಡಿ. ಭಾಗವನ್ನು ಮೊದಲು ಕಾಯಿಸಿ, ಬೆಸುಗೆ ಅದರ ಮೇಲೆ ತಾನೇ ಕರಗಿ ಹರಿಯಲಿ. ಪಾಟ್‌ನ, ಅಂದರೆ ನಾಬ್‌ನ ಅಡಿಯ ತಿರುಗುವ ಭಾಗದ, ಲೋಹದ ಬೆನ್ನಿಗೆ ಗ್ರೌಂಡ್ ಬೆಸೆಯುವಾಗ ಐದಾರು ಸೆಕೆಂಡಿಗಿಂತ ಹೆಚ್ಚು ಐರನ್ ಒತ್ತಿ ಹಿಡಿದರೆ ಒಳಗಿನ ಪಟ್ಟಿ ಸುಡಬಹುದು. ಮೊದಲು ಆ ಜಾಗವನ್ನು ಮರಳುಕಾಗದದಿಂದ ಸ್ವಲ್ಪ ಉಜ್ಜಿಕೊಂಡರೆ ಬೇಗ ಹಿಡಿಯುತ್ತದೆ. ಕಿಟಕಿ ತೆರೆದಿಡಿ, ಸೀಸ ಇರುವ ಬೆಸುಗೆಯಾದರೆ ಕೆಲಸದ ಬಳಿಕ ಕೈ ತೊಳೆಯಿರಿ.

ಎಲ್ಲ ಸರಿ ಇದ್ದೂ ಜರ್ರ್ ಹೆಚ್ಚೆನಿಸಿದರೆ ಮಾತ್ರ ತಾಮ್ರದ ಟೇಪ್. ಪಿಕಪ್ ಮತ್ತು ಪಾಟ್‌ಗಳು ಕೂರುವ ಗುಂಡಿಗಳ ಒಳಗೋಡೆಗೆಲ್ಲ ಅಂಟಿಸಿ, ಮುಚ್ಚಳದ ಒಳಬದಿಗೂ ಅಂಟಿಸಿ, ಇಡೀ ಹೊದಿಕೆಯನ್ನು ಒಂದು ತಂತಿಯಿಂದ ಗ್ರೌಂಡ್‌ಗೆ ಸೇರಿಸಿ. ಎಲ್ಲ ಟೇಪ್‌ಗಳ ಅಂಟು ವಿದ್ಯುತ್ ಹರಿಸುವುದಿಲ್ಲ, ಹಾಗಾಗಿ ಪಟ್ಟಿಯ ಮೇಲೆ ಪಟ್ಟಿ ಬರುವ ಕಡೆ ಒಂದೊಂದು ಚುಕ್ಕಿ ಬೆಸುಗೆ ಇಟ್ಟು ಮೀಟರ್‌ನಲ್ಲಿ ಬೀಪ್ ನೋಡಿ. ಗ್ರೌಂಡ್‌ಗೆ ಸೇರದ ತಾಮ್ರದಿಂದ ಏನೂ ಉಪಯೋಗವಿಲ್ಲ. ಮುಚ್ಚುವ ಮುನ್ನ ಜ್ಯಾಕ್‌ಗೆ ಕೇಬಲ್ ಸಿಕ್ಕಿಸಿ ನೋಡಿ. ಪ್ಲಗ್ ಒಳಹೋದಾಗ ಆ ಬಾಗಿದ ಪಟ್ಟಿ ಹೊರಕ್ಕೆ ಸರಿದು ತಾಮ್ರದ ಗೋಡೆಗೆ ತಾಗಿದರೆ ಗಿಟಾರ್ ಪೂರ್ತಿ ಮೂಕವಾಗುತ್ತದೆ. “ಶೀಲ್ಡಿಂಗ್ ಮಾಡಿದ ಮೇಲೆ ಸದ್ದೇ ಬರುತ್ತಿಲ್ಲ” ಎಂದವರ ಗಿಟಾರ್‌ಗಳಲ್ಲಿ ನಾನು ಮೊದಲು ನೋಡುವ ಜಾಗ ಅದು. ಅಲ್ಲಿ ತಾಮ್ರದ ಮೇಲೆ ಇನ್ಸುಲೇಷನ್ ಟೇಪ್‌ನ ತುಂಡೊಂದನ್ನು ಅಂಟಿಸಿದರೆ ಸಾಕು.

ರಿಪೇರಿಯವರ ಬಳಿ ಹೋಗುವುದಾದರೆ

ಬರೆದಿಟ್ಟ ಕಾಗದ ಜೊತೆಗೆ ಒಯ್ಯಿರಿ. “ಇನ್‌ಪುಟ್ ಖಾಲಿ ಇದ್ದಾಗಲೂ ಗುಂಯ್, ವಾಲ್ಯೂಮ್ ಸೊನ್ನೆಯಲ್ಲೂ ಅಷ್ಟೇ, ದಪ್ಪ ತಂತಿಯ ಮೂರನೇ ಫ್ರೆಟ್‌ಗೆ ಹೊಂದುತ್ತದೆ, ಬೇರೆ ಮನೆಯಲ್ಲೂ ಹೀಗೇ” ಎಂದು ನಾಲ್ಕು ಸಾಲು ಹೇಳಿದರೆ ಅವರು ನೇರವಾಗಿ ಫಿಲ್ಟರ್ ಕೆಪಾಸಿಟರ್‌ಗಳಿಂದ ಶುರು ಮಾಡುತ್ತಾರೆ. ಗಿಟಾರ್, ಕೇಬಲ್, ಆಂಪ್ ಮೂರನ್ನೂ ಒಟ್ಟಿಗೆ ತೆಗೆದುಕೊಂಡು ಹೋಗಿ, ಅವರ ಎದುರೇ ಸೇರಿಸಿ ಸದ್ದು ಕೇಳಿಸಿ. ಕೆಲಸ ಮುಗಿದ ಮೇಲೆ ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆದು, ಮನೆಗೆ ಬಂದು ಎರಡನೇ ಹಂತವನ್ನು ಇನ್ನೊಮ್ಮೆ ಮಾಡಿ ನೋಡಿ.